ವಾರ್ಡಿಗಿಷ್ಟು ಅಂತ ಹಂಚುವುದನ್ನು ಬಿಟ್ಟೆವು, ರಸ್ತೆ ಉಳಿಯಿತು

ನಮ್ಮದು 23 ವಾರ್ಡಿನ ಪುರಸಭೆ, ನಾನು ಅಲ್ಲಿಯ ಇಂಜಿನಿಯರ್. ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನದ ಆದೇಶ ಬಂದ ಕೂಡಲೇ ಸಾಮಾನ್ಯ ಸಭೆಯಲ್ಲಿ ಏನಾಗುತ್ತದೆ ಅಂತ ಈ ಕೆಲಸದಲ್ಲಿ ಇರುವವರಿಗೆ ನಾನು ಹೇಳಬೇಕಾಗಿಲ್ಲ. ಮೊತ್ತವನ್ನು 23ರಿಂದ ಭಾಗಿಸುವುದು, ವಾರ್ಡಿಗೆ 2.5 ಲಕ್ಷ ಅಂತ ಬರೆದುಕೊಳ್ಳುವುದು, ಟೀ ಕುಡಿದು ಏಳುವುದು. 4 ಮೀಟರ್ ಅಗಲದ ಸಿಸಿ (ಕಾಂಕ್ರೀಟ್) ರಸ್ತೆ ಕೆಳಗಿನ ಬೆಡ್, ಜಿಎಸ್‌ಟಿ ಎಲ್ಲ ಸೇರಿ ಮೀಟರಿಗೆ ಎಂಟು ಒಂಬತ್ತು ಸಾವಿರಕ್ಕೆ ಬೀಳುತ್ತದೆ. 2.5 ಲಕ್ಷಕ್ಕೆ 30 ಮೀಟರ್ ಬಂದರೆ ಪುಣ್ಯ. 5 ಲಕ್ಷದೊಳಗೆ ಇರುವುದರಿಂದ ಟೆಂಡರ್ ಇಲ್ಲ, ತುಂಡು ಗುತ್ತಿಗೆ. ರಸ್ತೆ ಯಾರ ಮನೆ ಗೇಟಿನಿಂದ ಶುರುವಾಗುತ್ತಿತ್ತು ಅನ್ನುವುದನ್ನು ಬಿಡಿ. ಆರು ತಿಂಗಳಲ್ಲಿ ಕೆಳಗಿನ ಹಳೇ ಪೈಪ್ ಒಡೆಯುತ್ತಿತ್ತು, ನಮ್ಮವರೇ ಹೋಗಿ ಅಗೆಯುತ್ತಿದ್ದರು. ಹೀಗೆ ವರ್ಷಗಟ್ಟಲೆ ದುಡ್ಡು ಹೋಗಿದೆ.

ನಾನು ಹೇಳಿದ್ದು ಇಷ್ಟೇ: ವರ್ಷಕ್ಕೆ ಒಂದು ಬೀದಿ ತಗೊಳ್ಳೋಣ, ನೆಲದ ಒಳಗಿನಿಂದ ಮೇಲಕ್ಕೆ ಬರೋಣ, ಒಂದೊಂದು ಪದರಕ್ಕೆ ಒಂದೊಂದು ಹೆಡ್, ಅಂದರೆ ಒಂದೊಂದು ಅನುದಾನದ ಲೆಕ್ಕ.

15ನೇ ಹಣಕಾಸು ಆಯೋಗದ (2021–26) ಅನುದಾನದಲ್ಲಿ ಶೇ 60 ಟೈಡ್ ಆಗಿತ್ತು. ಕುಡಿಯುವ ನೀರು, ನೈರ್ಮಲ್ಯ ಬಿಟ್ಟು ಬೇರೆಯದಕ್ಕೆ ಮುಟ್ಟುವ ಹಾಗಿರಲಿಲ್ಲ. ಹಾಗಾಗಿ ಎಲ್ಲರೂ ಅದನ್ನು ಬೋರ್‌ವೆಲ್ ಮೋಟಾರಿಗೆ, ಕಸದ ಗಾಡಿಗೆ ಹಾಕಿ ಸುಮ್ನೆ ಆಗುತ್ತಿದ್ದರು. ಆದರೆ ನಮ್ಮ ಊರುಗಳಲ್ಲಿ ರಸ್ತೆ ಹಾಳಾಗುವುದೇ ನೀರಿನ ಪೈಪಿನಿಂದ, ಅಲ್ವಾ? ಟೈಡ್ ಹಣದಲ್ಲಿ ಆ ಬೀದಿಯ ಪೈಪ್‌ಲೈನ್ ಪೂರ್ತಿ ಬದಲಿಸುವುದು, ಆ ಷರತ್ತಿಲ್ಲದ ಅನ್‌ಟೈಡ್ ಶೇ 40ರಲ್ಲಿ ಚರಂಡಿ, ಕೊನೆಗೆ ಎಸ್‌ಎಫ್‌ಸಿ ಮುಕ್ತನಿಧಿಯಲ್ಲಿ ಸಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮೀಸಲಿಡುವ ಶೇ 24.10ರ ಹಣ ಮೊದಲಿನ ಹಾಗೆ ಅಲ್ಲೊಂದು ಇಲ್ಲೊಂದು ಚೂರಾಗದೆ ಒಂದೇ ಕಾಲೊನಿಗೆ ಹೋಗಬೇಕು. ಇತರ ಬಡವರ ಶೇ 7.25 ಮತ್ತು ಅಂಗವಿಕಲರ ಶೇ 5 ಹೇಗೂ ರಸ್ತೆಗೆ ಬರುವುದಿಲ್ಲ.

ಸಭೆಯಲ್ಲಿ ನಕ್ಕರು. ಹಿರಿಯ ಸದಸ್ಯರೊಬ್ಬರು, "ಇಂಜಿನಿಯರ್ ಸಾಹೇಬ್ರೇ, ನನ್ನ ಬೀದಿ ಸರದಿ ಬರೋ ಹೊತ್ತಿಗೆ ನಾನೇ ಮಾಜಿ ಆಗಿರ್ತೀನಿ" ಅಂದರು. ಅವರ ಮಾತಿನಲ್ಲೂ ನ್ಯಾಯ ಇತ್ತು. ಎರಡು ವರ್ಷ ಕಡತ ಅಲುಗಾಡಲಿಲ್ಲ.

ಆಮೇಲೆ 2023ರಲ್ಲಿ ಅಧ್ಯಕ್ಷರ ಮೊದಲ ಅವಧಿ ಮುಗಿಯಿತು. ಮುಂದಿನ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಹೊರಬಂದದ್ದು 2024ರ ಆಗಸ್ಟ್‌ನಲ್ಲಿ. ಅಷ್ಟು ದಿನ ಅಧ್ಯಕ್ಷರ ಬದಲು ಸರ್ಕಾರದ ಆಡಳಿತಾಧಿಕಾರಿ. ಕ್ರಿಯಾ ಯೋಜನೆ ಹಿಡಿದುಕೊಂಡು ಹೋದೆ, ಅವರು ಎರಡು ಪ್ರಶ್ನೆ ಕೇಳಿ ಸಹಿ ಹಾಕಿದರು. ಚುನಾಯಿತರು ಪಕ್ಕಕ್ಕೆ ಸರಿದಾಗಲೇ ಇದು ಆಯಿತು ಅನ್ನುವುದು ನನಗೂ ಅಷ್ಟು ಇಷ್ಟವಾಗುವ ಮಾತಲ್ಲ, ಆದರೆ ನಡೆದದ್ದು ಹಾಗೆ.

ಸಂತೆ ಬೀದಿಯಿಂದ ಶುರು ಮಾಡಿದೆವು, ಸುಮಾರು 320 ಮೀಟರ್. ಲೋಕಸಭೆ ಚುನಾವಣೆಯ ನೀತಿ ಸಂಹಿತೆ 2024ರ ಮಾರ್ಚ್ 16ಕ್ಕೆ ಬಂತು, ಅದಕ್ಕೆ ಸ್ವಲ್ಪ ಮುಂಚೆ ಪೈಪಿನ ಕಾರ್ಯಾದೇಶ ಕೊಟ್ಟು ಕೆಲಸ ಹಿಡಿಸಿದ್ದೆ. ಇಲ್ಲದಿದ್ದರೆ ಜೂನ್‌ವರೆಗೆ ಕೈಕಟ್ಟಿ ಕೂರಬೇಕಿತ್ತು.

ಬೈಗುಳ ಶುರುವಾದದ್ದು ಇಲ್ಲಿಂದ. ಪೈಪ್ ಹಾಕಿ ಮಣ್ಣು ಮುಚ್ಚಿದ ಮೇಲೆ ಒಂದು ಮಳೆಗಾಲ ಬೀದಿಯನ್ನು ಹಾಗೇ ಬಿಟ್ಟೆ. ಗುಂಡಿ ತುಂಬಿದ ಮಣ್ಣು ಕೂರಬೇಕಲ್ಲ. ರೋಲರ್ ಎಷ್ಟು ಓಡಿಸಿದರೂ ಕಪ್ಪು ಮಣ್ಣು ಮಳೆ ಕುಡಿಯದೆ ಕೂರುವುದಿಲ್ಲ. ಬೀದಿ ಕೆಸರುಗದ್ದೆಯಾಯಿತು. ಅಂಗಡಿಯವರು ಬಾಗಿಲು ಹಾಕಿ ಧರಣಿ ಕೂತರು. ಆಗಸ್ಟ್ ನಂತರ ಸಭೆ ಸೇರಿದಾಗ ಮೊದಲ ವಿಷಯವೇ ನಾನು. ಅಷ್ಟರಲ್ಲಿ ಮಣ್ಣು ಕೆಲವು ಕಡೆ ಅರ್ಧ ಅಡಿ ಇಳಿದಿತ್ತು. ಅದರ ಮೇಲೆ ಸಿಸಿ ಹಾಕಿದ್ದರೆ ಏನಾಗುತ್ತಿತ್ತು ಅಂತ ಫೋಟೊ ತೋರಿಸಿದೆ. ಕೆಲವರು ಒಪ್ಪಿದರು, ಕೆಲವರನ್ನು ಬೇರೆ ರೀತಿ ಒಪ್ಪಿಸಿದೆ. ಅದು ಹೇಗೆ ಅಂತ ಬರೆಯುವುದಿಲ್ಲ.

ದುಡ್ಡಿನ ವಿಷಯ. ಪೈಪ್ ಮತ್ತು ಮನೆ ಸಂಪರ್ಕ ಸೇರಿ 7 ಲಕ್ಷದ ಹತ್ತಿರ, ಒಂದು ಬದಿಗೆ ಹೊಸ ಚರಂಡಿ ಮತ್ತು ಇನ್ನೊಂದು ಬದಿ ರಿಪೇರಿಗೆ 14 ಲಕ್ಷ, ಸಿಸಿಗೆ 27 ಲಕ್ಷ ಚಿಲ್ಲರೆ. ಪೈಪಿನ ಎಸ್ಟಿಮೇಟಿನಲ್ಲಿ ರಸ್ತೆ ಅಗೆದು ಮತ್ತೆ ಮುಚ್ಚಿ ಸರಿಮಾಡುವ ಐಟಂ ಇರುತ್ತದಲ್ಲ, ಅದನ್ನೇ ಹೊಡೆದು ಹಾಕಿದೆ. ಹೇಗೂ ಮೇಲೆ ಹೊಸ ರಸ್ತೆ ಬರುತ್ತದೆ. ಒಂದೂವರೆ ಲಕ್ಷದಷ್ಟು ಅಲ್ಲೇ ಉಳಿಯಿತು.

ಒಂದೇ ಬೀದಿ ಅಂತ ಮೂರನ್ನೂ ಸೇರಿಸಿ ಒಂದೇ ಟೆಂಡರ್ ಕರೆಯುವ ಆಸೆ ಬರುತ್ತದೆ. ಬೇಡವೇ ಬೇಡ. ಯುಸಿ (ಹಣ ಬಳಕೆ ಪ್ರಮಾಣಪತ್ರ) ಹೆಡ್‌ವಾರು ಕೊಡಬೇಕು. ಮೂರು ಎಸ್ಟಿಮೇಟ್, ಮೂರು ಟೆಂಡರ್, ಮೂರು ಎಂಬಿ (ಅಳತೆ ಪುಸ್ತಕ). ಒಂದೇ ಚೈನೇಜಿನಲ್ಲಿ, ಅಂದರೆ ರಸ್ತೆಯ ಅದೇ ಅಳತೆಯ ಜಾಗದಲ್ಲಿ, ಅದೇ ಮಣ್ಣು ಅಗೆತ ಎರಡು ಎಂಬಿಯಲ್ಲಿ ಕಂಡರೆ ಆಡಿಟ್ ಆಕ್ಷೇಪಣೆ ಗ್ಯಾರಂಟಿ. ನಮಗೆ ಒಂದೂ ಬರಲಿಲ್ಲ, ಜಿಲ್ಲೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಒಂದೂ ಆಕ್ಷೇಪಣೆ ಬರದೆ ಇದ್ದಿದ್ದರೆ ಹೇಳಲಿ ನೋಡೋಣ.

ಸಿಸಿ ಟೆಂಡರಿಗೆ ಮೊದಲ ಸಲ ಯಾರೂ ಹಾಕಲೇ ಇಲ್ಲ. "ಬಿಲ್ ಯಾವಾಗ ಆಗುತ್ತೆ ಸಾರ್" ಅನ್ನುವುದೇ ಎಲ್ಲರ ಪ್ರಶ್ನೆ. ಎಸ್‌ಎಫ್‌ಸಿ ಕಂತು ಬರುವ ಹೊತ್ತಿಗೂ ಬಿಲ್ ಬರೆಯುವ ಹೊತ್ತಿಗೂ ಹೊಂದಿಸಿದ ಮೇಲೆ ಎರಡನೇ ಕರೆಗೆ ಮೂವರು ಬಂದರು, ಒಬ್ಬರು ಎಸ್ಟಿಮೇಟಿಗಿಂತ ಶೇ 9 ಕಡಿಮೆಗೆ ಹಿಡಿದರು. ಆ ಹೊಂದಾಣಿಕೆಯ ಲೆಕ್ಕವನ್ನು ಭೇಟಿಯಾದಾಗ ಹೇಳುತ್ತೇನೆ.

2025ರ ಜನವರಿಯಲ್ಲಿ ಸಿಸಿ ಬಿತ್ತು. 6 ಇಂಚು ದಪ್ಪ, ಎಂ30 ದರ್ಜೆಯ ಕಾಂಕ್ರೀಟ್. ಅದಕ್ಕೆ ಮುಂಚೆ ಪ್ರತಿ ಎರಡು ಮನೆಗೆ ಒಂದರಂತೆ 4 ಇಂಚಿನ ಖಾಲಿ ಪಿವಿಸಿ ಪೈಪನ್ನು ಅಡ್ಡಕ್ಕೆ ಹೂತಿಟ್ಟೆ. ಐವತ್ತು ಸಾವಿರದ ಚಿಲ್ಲರೆ ಖರ್ಚು. ಗುತ್ತಿಗೆದಾರರು ನಕ್ಕರು. ಆಮೇಲೆ ಕೇಬಲ್‌ನವರು ರಸ್ತೆ ಅಡ್ಡ ಕತ್ತರಿಸಲು ಅನುಮತಿ ಕೇಳಿ ಬಂದಾಗ ಆ ಪೈಪ್ ತೋರಿಸಿ ಕಳಿಸಿದೆ. ಈಗ ಒಂದು ಮಳೆಗಾಲ ದಾಟಿದೆ. ನಾವೇ ಬೇಕೆಂದು ಕೊಯ್ದ ಗೆರೆಗಳನ್ನು (ಗ್ರೂವ್ ಕಟಿಂಗ್) ಬಿಟ್ಟು ಒಂದು ಬಿರುಕೂ ಇಲ್ಲ, ಒಂದು ಕಡೆಯೂ ಅಗೆದಿಲ್ಲ.

ಇದರ ಜೊತೆ ಒಂದು ಚಿಕ್ಕ ಓಣಿಯಲ್ಲಿ ಸಿಸಿ ಬದಲು ಇಂಟರ್‌ಲಾಕ್ ಕಲ್ಲು ಹಾಕಿಸಿದ್ದೇನೆ, ಪುರಸಭಾ ನಿಧಿಯಿಂದ. ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿಗೆ ಜನ ತೆರಿಗೆ ಕಟ್ಟುತ್ತಾರಲ್ಲ, ಆ ದುಡ್ಡು. ಪೈಪ್ ಕೆಟ್ಟರೆ ಕಲ್ಲು ಎಬ್ಬಿಸಿ ಮತ್ತೆ ಕೂರಿಸಬಹುದು. ಆದರೆ ಟ್ರ್ಯಾಕ್ಟರ್ ತಿರುಗುವ ಮೂಲೆಯಲ್ಲಿ ಆಗಲೇ ಕುಸಿದಿದೆ. ಓಣಿಗೆ ಮಾತ್ರ ಸರಿ, ತಿರುವಿಗೆ ಬೇಡ.

ಮುಂದಿನದು ಕೋಟೆ ಬೀದಿ ಅಂತ ಈಗ ಸದಸ್ಯರೇ ಹೇಳುತ್ತಿದ್ದಾರೆ. ಅಲ್ಲಿ ಒಳಚರಂಡಿ ಇನ್ನೂ ಬಂದಿಲ್ಲ. ಅದು ಬರುವವರೆಗೆ ಆ ಬೀದಿಯಲ್ಲಿ ಒಂದು ಬುಟ್ಟಿ ಸಿಮೆಂಟೂ ಹಾಕಿಸುವುದಿಲ್ಲ ಅಂತ ಬರೆದುಕೊಟ್ಟಿದ್ದೇನೆ.