ಗೋಡೆ ಮೇಲಿನ ಗೀಟು: ನಮ್ಮ ಓಣಿಯ ಸಿಂದಿ ಅಂಗಡಿಯ ನೆನಪು ಕೂಡಿಸಿದ ಅನುಭವ

ನಮ್ಮ ಓಣಿಯ ಸಿಂದಿ ಅಂಗಡಿ, ಅಂದರೆ ಈಚಲ ಹೆಂಡದ ಅಂಗಡಿ, ಈಗಿಲ್ಲ. ಅದಿದ್ದ ಜಾಗದಲ್ಲಿ ಸಿಮೆಂಟಿನ ಗೋದಾಮು ಬಂದಿದೆ. ಹಿಂದಿನ ಬೇವಿನ ಮರ ಒಂದೇ ಉಳಿದಿದೆ. ಎರಡು ವರ್ಷದ ಹಿಂದೆ ಓಣಿಯ ಒಬ್ಬ ಮುತ್ಯಾ ತೀರಿಕೊಂಡರು. ಮಣ್ಣು ಮುಗಿಸಿ ಬರುವಾಗ ಯಾರೋ ಅಂದರು, "ಸಿಂದಿ ಅಂಗಡಿ ಸುದ್ದಿ ಪೂರಾ ಗೊತ್ತಿದ್ದವ್ರು ಇವ್ರೊಬ್ರೇ ಇದ್ರು." ಆ ಮಾತು ಸುಳ್ಳು ಅಂತ ಆಮೇಲೆ ಗೊತ್ತಾಯಿತು. ಆದರೆ ನಾನು ಕೆಲಸ ಶುರು ಮಾಡಿದ್ದು ಅದೇ ಮಾತಿನಿಂದ.

ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನ ಕಡೆಯ ಓಣಿ ನಮ್ಮದು. ಮಹಬೂಬ್ ಶಾಹಿ ಅಂತ ಆರನೇ ನಿಜಾಮನ ಹೆಸರಿಟ್ಟ ಮಿಲ್ಲು ಅದು. ಬಂದಾಗಿ ಎಷ್ಟೋ ವರ್ಷ ಆದರೂ ಹೆಸರು ಏರಿಯಾಕ್ಕೆ ಅಂಟಿಕೊಂಡೇ ಇದೆ. ಪಾಳಿ ಮುಗಿದು ಭೋಂಗಾ ಊದಿದರೆ ಅರ್ಧ ಮಂದಿ ಮನೆಗೆ, ಇನ್ನರ್ಧ ಮಂದಿ ಬೇವಿನ ಮರದ ಕೆಳಗೆ.

ಮೊದಲನೇ ದಿನ ನೋಟ್‌ಬುಕ್ ಹಿಡಿದು ಚಹಾದ ಅಂಗಡಿಗೆ ಹೋದೆ. ಫೋನು ರೆಕಾರ್ಡಿಂಗಿಗೆ ಹಾಕಿ ಟೇಬಲ್ ಮೇಲಿಟ್ಟೆ. "ಸಿಂದಿ ಅಂಗಡಿ ಬಗ್ಗೆ ಹೇಳ್ರಿ ಕಾಕಾ" ಅಂದೆ. "ನಾ ಎಂದೂ ಒಳಗ ಕಾಲಿಟ್ಟಿಲ್ಲ ನೋಡಪಾ." ಪಕ್ಕದವರೂ ಅದನ್ನೇ ಅಂದರು. ಒಂದು ವಾರದಲ್ಲಿ ಹನ್ನೊಂದು ಜನರನ್ನು ಕೇಳಿದೆ. ಹನ್ನೊಂದೂ ಜನ ಒಳಗೆ ಕಾಲಿಟ್ಟವರಲ್ಲ! ಅವರ ಲೆಕ್ಕದಲ್ಲಿ ಆ ಅಂಗಡಿ ಗಿರಾಕಿಗಳೇ ಇಲ್ಲದೆ ನಡೆದಿತ್ತು.

ತಪ್ಪು ನನ್ನದೇ. ಕುಡಿಯುವ ಸುದ್ದಿ ನೇರ ಕೇಳಿದರೆ ಮೊಮ್ಮಕ್ಕಳನ್ನು ಮಗ್ಗುಲಲ್ಲಿ ಕೂರಿಸಿಕೊಂಡವರು ಏನು ಹೇಳ್ಯಾರು? ಎರಡನೇ ವಾರದಿಂದ ಚಾಕಣಾದ ಸುದ್ದಿ ತೆಗೆದೆ. "ಹೊರಗ ಗುಗ್ಗರಿ ಮಾರ್ತಿದ್ರಂತಲ್ಲ, ಯಾರು?" ಅಷ್ಟೇ ಸಾಕಾಯಿತು. ಗುಗ್ಗರಿ ಯಾರದು, ಮಿರ್ಚಿ ಭಜಿ ಯಾರದು, ಐತವಾರ ಬೋಟಿ ಯಾರು ಕುದಿಸುತ್ತಿದ್ದರು, ಯಾರ ಬೋಟಿಯಲ್ಲಿ ಖಾರ ಜಾಸ್ತಿ ಅಂತ ಜಗಳವೇ ಶುರು. ಬೋಟಿ ತಿಂದವರು ಎಲ್ಲಿ ಕೂತು ತಿಂದರು, ಮಗ್ಗುಲಲ್ಲಿ ಯಾರಿದ್ದರು ಅಂತ ಹೇಳಲೇಬೇಕಲ್ವಾ? ಹಾಗೇ ಒಳಗೆ ಬಂದರು. ಫೋನು ಅಂಗಿ ಜೇಬಿನಲ್ಲಿ ಇರುತ್ತಿತ್ತು. ರೆಕಾರ್ಡ್ ಆಗುತ್ತಿದೆ, ಹೆಸರು ಎಲ್ಲೂ ಬರೆಯಲ್ಲ ಅಂತ ಪ್ರತಿ ಸಲ ಮೊದಲೇ ಹೇಳುತ್ತಿದ್ದೆ. ಕಣ್ಣೆದುರು ಕಾಣದಿದ್ದರೆ ಜನ ಅದನ್ನು ಮರೆಯುತ್ತಾರೆ.

ಇಸವಿ ಕೇಳಲೇಬಾರದು. ಯಾರಿಗೂ ನೆನಪಿರಲ್ಲ, ಇದ್ದರೂ ತಪ್ಪಿರುತ್ತದೆ. "1972ರ ಬರಗಾಲಕ್ಕಿಂತ ಮೊದಲೋ ಆಮೇಲೋ?" ಅಂತ ಕೇಳಿದರೆ ಥಟ್ಟನೆ ಹೇಳುತ್ತಾರೆ. ಕೊನೆಯ ಗುರುತು ಸುಲಭ. 2007ರ ಜುಲೈ 1ಕ್ಕೆ ಸಾರಾಯಿ ಬಂದಾಯಿತು. ಅಷ್ಟರಲ್ಲಿ ನಮ್ಮ ಸಿಂದಿ ಅಂಗಡಿ ಪಾಕೀಟು ಸಾರಾಯಿ ಅಂಗಡಿಯಾಗಿತ್ತು, ಅವತ್ತೇ ಬೀಗ ಬಿತ್ತು. ಮೊದಲಿನ ಗುರುತು ಸಿಕ್ಕಿದ್ದು ತೊಂಬತ್ತರ ಹತ್ತಿರದ ಒಬ್ಬ ಮುತ್ಯಾನಿಂದ. ನಿಜಾಮನ ಖಜಾನೆಗೆ ಅಬಕಾರಿಯಿಂದ ದೊಡ್ಡ ದುಡ್ಡು ಹೋಗುತ್ತಿತ್ತು. ಅದಕ್ಕೇ 1947-48ರ ಹೋರಾಟದಲ್ಲಿ ಸಿಂದಿ ಗಿಡ ಕಡಿಯುವುದೂ ಒಂದು ಸತ್ಯಾಗ್ರಹ. ಅವರಪ್ಪ ರಾತ್ರಿ ಗಿಡ ಕಡಿಯಲು ಹೋಗುತ್ತಿದ್ದರಂತೆ. "ಕಡಿಯೂಕಿಂತ ಮೊದ್ಲು ಮ್ಯಾಲಿನ ಗಡಿಗಿ ಇಳಿಸ್ಕೋತಿದ್ರು" ಅಂತ ಹೇಳಿ ಮುತ್ಯಾ ನಕ್ಕರು.

ಒಬ್ಬ ಹುಡುಗ ನನ್ನನ್ನು ತಡೆದು, ಇಂಥ ಸುದ್ದಿ ಯಾಕೆ ಬರೀತೀರಿ, ಓಣಿ ಮರ್ಯಾದೆ ಹೋಗುತ್ತೆ ಅಂದ. ನಾನು ಬಾಯಿ ತೆರೆಯುವ ಮೊದಲೇ ಹಣೆತುಂಬ ವಿಭೂತಿ ಹಚ್ಚಿದ ಒಬ್ಬ ಮುತ್ಯಾ ಕೇಳಿದರು, "ಬಸವಣ್ಣನ ಕಲ್ಯಾಣದಾಗ ಹೆಂಡದ ಮಾರಯ್ಯ ಇದ್ದಿದ್ದಿಲ್ಲೇನು?" ಹುಡುಗ ಸುಮ್ಮನಾದ.

ಹಾಗಂತ ಸಿಹಿ ನೆನಪು ಮಾತ್ರ ಬರೆಯಲು ನನಗೆ ಮನಸ್ಸಾಗಲಿಲ್ಲ. ಈಚಲ ಗಿಡದಿಂದ ಬೆಳಿಗ್ಗೆ ಇಳಿಸಿದ ಸಿಂದಿ ಸಿಹಿ. ಅದಕ್ಕೆ ಯಾರೂ ಹೆಪ್ಪು ಹಾಕಬೇಕಿಲ್ಲ, ಗಾಳಿ ಮತ್ತು ಗಡಿಗೆಯಲ್ಲಿನ ಯೀಸ್ಟೇ ಸಾಕು. ಹೊತ್ತೇರಿದಂತೆ ನೊರೆ ಬಂದು ಹುಳಿಯಾಗುತ್ತದೆ. ಅಮಲು ಹೆಚ್ಚೆಂದರೆ ಬಿಯರಿನಷ್ಟು. ಆಮೇಲೆ ಬಂದಿದ್ದು ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್. ನೀರಿಗೆ ಪೌಡರ್ ಹಾಕಿ ಸಿಂದಿ ಅಂತ ಮಾರುವುದು. ನಮ್ಮ ಸೋದರಮಾವ ಅದಕ್ಕೇ ಬಿದ್ದಿದ್ದ. ಒಂದು ದಿನ ಸಿಗದಿದ್ದರೆ ಕೈ ನಡುಗೋದು, ಗೋಡೆ ಜೊತೆ ಮಾತಾಡೋದು. ಹಳೇ ಮಂದಿ "ಸಿಂದಿ ಛಲೋ ಇತ್ತು" ಅಂದಾಗೆಲ್ಲ ನಾನು "ಯಾವಾಗಿನದು?" ಅಂತ ಕೇಳಿಯೇ ಮುಂದೆ ಹೋಗುತ್ತಿದ್ದೆ.

ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದಿದ್ದು ಒಂದು ಖಾಲಿ ಸಿಮೆಂಟ್ ಚೀಲದ ಕಾಗದ. ಅದರ ಮೇಲೆ ಇದ್ದಿಲಿನಿಂದ ಅಂಗಡಿಯ ನಕಾಶೆ ಬರೆದೆ, ಬೇಕಂತಲೇ ತಪ್ಪು ಬರೆದೆ. "ಏ, ಬಾಗಿಲಾ ಆ ಕಡಿ ಅಲ್ಲೋ!" ಅಂತ ಒಬ್ಬರು ಇದ್ದಿಲು ಕಿತ್ತುಕೊಂಡರು. ಶಹಾಬಾದ್ ಕಲ್ಲಿನ ಕಟ್ಟೆ ಬಂತು, ಅದರ ಮೇಲೆ ಸಾಲಾಗಿ ಸಿಂಬಿ, ಸಿಂಬಿ ಮೇಲೆ ಗಡಿಗೆ. ಅಲ್ಲಿ ಕೆಲಸಕ್ಕಿದ್ದ ಹುಡುಗ, ಈಗ ಎಪ್ಪತ್ತು ದಾಟಿದ ಕಾಕಾ, ಒಳಗಿನ ಒಂದು ಗೋಡೆಯನ್ನು ತೋರಿಸಿದರು. "ಇದು ಉದ್ರಿ ಗೋಡಿ."

ಓದು ಬಾರದ ಗಿರಾಕಿಗಳಿಗೆ ಒಬ್ಬೊಬ್ಬರಿಗೆ ಒಂದು ಚಿತ್ರ. ಒಬ್ಬನಿಗೆ ಮೀನು, ಒಬ್ಬನಿಗೆ ಕೊಡಲಿ, ಮಗ್ಗದವನಿಗೆ ಲಾಳಿ. ಕೆಳಗೆ ಇದ್ದಿಲಿನ ಗೀಟು. ಒಂದು ಮೊಗಿಗೆ ಒಂದು ಗೀಟು, ಐದಕ್ಕೆ ಒಂದು ಅಡ್ಡಗೀಟು. ಪಗಾರದ ದಿನ ದುಡ್ಡು ಕೊಟ್ಟರೆ ಒದ್ದೆ ಬಟ್ಟೆಯಿಂದ ಒರೆಸುವುದು. "ಲಾಳಿ ಲೆಕ್ಕ ಮಾತ್ರ ಎಂದೂ ಕೂಡ್ತಿದ್ದಿಲ್ಲ" ಅಂದರು ಕಾಕಾ. "ಕಡಿಮಿ ಬಿದ್ದಿದ್ದು ಮಾಲಕ ನನ್ನ ಪಗಾರದಾಗ ಹಿಡ್ಕೋತಿದ್ದ."

ಹೆಣ್ಣುಮಕ್ಕಳನ್ನು ಕೇಳಬೇಕು ಅಂತ ನನಗೆ ಹೊಳೆದದ್ದು ಆರು ತಿಂಗಳ ಮೇಲೆ. ನಾಚಿಕೆಯಾಗಬೇಕು ನನಗೆ. ಒಳಗೆ ಕಾಲಿಡದಿದ್ದವರು ಅಂದರೆ ನಿಜಕ್ಕೂ ಅವರೇ, ಆದರೆ ಅಂಗಡಿಯ ಲೆಕ್ಕ ಪೂರಾ ಅವರ ಬಾಯಲ್ಲೇ ಇತ್ತು. ಪಗಾರದ ದಿನ ಬಾಗಿಲಲ್ಲಿ ನಿಂತು ಗಂಡನ ಕೈಯಿಂದ ದುಡ್ಡು ಕಿತ್ತುಕೊಂಡವರು ಅವರಲ್ವಾ. ಒಬ್ಬ ಆಯಿ ಎಲಿ ಅಡಕಿ ಜಗಿಯುತ್ತ ಹೇಳಿದರು: "ಒಂದಿನ ಒಳಗ ಹೋಗಿದ್ನಪಾ. ಎಲ್ಲಾರೂ ಹೊರಗ ಜಗಳ ನೋಡ್ಲಿಕ್ಕೆ ಹೋಗಿದ್ರು. ಲಾಳಿ ಕೆಳಗಿನ ಎರಡು ಗೀಟು ಸೆರಗಿಲೆ ಒರಸಿ ಬಂದೆ. ನಮ್ಮನಿಯವ್ರಿಗೂ ಹೇಳಿಲ್ಲ."

ಅವರನ್ನೇ ಕೇಳಿದೆ, ಇದನ್ನು ಕಾಕಾಗೆ ಹೇಳಬಹುದಾ ಅಂತ. "ಹೇಳು, ಈಗೇನ್ ಮಾಡ್ತಾನ" ಅಂದರು.

ಮರುದಿನ ಚಹಾದ ಅಂಗಡಿಯಲ್ಲಿ ಹೇಳಿದೆ. ಕಾಕಾ ಬಸಿ ಕೆಳಗಿಟ್ಟರು. ಸ್ವಲ್ಪ ಹೊತ್ತು ಮಾತಿಲ್ಲ.

"ಎಷ್ಟು ಗೀಟು ಅಂದ್ಳು?"

"ಎರಡು."

"ಎರಡಲ್ಲೋ ತಮ್ಮಾ, ಏಳು. ಏಳು ಗೀಟು!"