ಕೌಂಟರ್‌ನಲ್ಲಿ ಆರ್ಡರ್ ಕೇಳಿಸಬೇಕು

ಜೂನ್ 21 ಹತ್ತಿರ ಬಂದರೆ ಬೆಂಗಳೂರಿನ ಬಾರ್‌ಗಳಿಗೆಲ್ಲ ಒಂದೇ ಸಂಜೆಗೆ ಲೈವ್ ಬ್ಯಾಂಡ್ ಬೇಕು. ಜಾಕ್ ಲಾಂಗ್ ಫ್ರಾನ್ಸಿನ ಸಂಸ್ಕೃತಿ ಸಚಿವರಾಗಿದ್ದಾಗ, 1982ರಲ್ಲಿ, ಶುರುವಾದ ಸಂಗೀತದ ಹಬ್ಬ ಅದು. ಇಲ್ಲಿ ‘ವರ್ಲ್ಡ್ ಮ್ಯೂಸಿಕ್ ಡೇ’. ಅಲ್ಲಿ ಬೀದಿಗಿಳಿದು ನುಡಿಸುತ್ತಾರೆ. ನಮ್ಮಲ್ಲಿ ಅಷ್ಟೊತ್ತಿಗೆ ಮಳೆ ಹಿಡಿದಿರುತ್ತದೆ, ಹಾಗಾಗಿ ಬಹುಪಾಲು ಬಾರ್ ಒಳಗೇ. ಇಂಥ ಸಂಜೆಗಳಿಗೆ ಸೌಂಡ್ ಮಾಡುವುದು ನನ್ನ ಕೆಲಸ.

ಮಾಲೀಕರದ್ದು ಒಂದೇ ಮಾತು: ‘ಜೋರಾಗಿರಲಿ.’ ಜೋರಿದ್ದರೆ ಜನ ಹೆಚ್ಚು ಕುಡಿಯುತ್ತಾರೆಂಬ ನಂಬಿಕೆ. ಪೂರ್ತಿ ಸುಳ್ಳೂ ಅಲ್ಲ. ಫ್ರಾನ್ಸಿನ ನಿಕೋಲಾ ಗೆಗೆನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾರ್‌ನ ಸಂಗೀತವನ್ನು 72 ಡೆಸಿಬಲ್‌ನಿಂದ 88ಕ್ಕೆ ಏರಿಸಿದಾಗ ಗಿರಾಕಿಗಳು ಬಿಯರ್ ಬೇಗ ಮುಗಿಸಿ ಇನ್ನೊಂದು ತರಿಸಿಕೊಂಡರು. ಆದರೆ ಆ 88ರಲ್ಲಿ ಲೈವ್ ಡ್ರಮ್ಸ್ ಇರಲಿಲ್ಲ. ಬ್ಯಾಂಡ್ ಇರುವ ಸಣ್ಣ ಬಾರ್ 100 ದಾಟುವುದು ತೀರಾ ಸುಲಭ. ಆಗ ‘ಎರಡು ಪಿಚರ್ ಬಿಯರ್’ ಅಂದದ್ದು ಬಾರ್‌ಟೆಂಡರ್‌ಗೆ ಕೇಳುವುದೇ ಇಲ್ಲ, ಕೌಂಟರ್ ಮುಂದೆ ಸಾಲು ನಿಲ್ಲುತ್ತದೆ. ಮಾಲೀಕರಿಗೆ ಇದನ್ನು ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಕಿವಿಯ ಆರೋಗ್ಯದ ವಿಷಯ ಅಷ್ಟಾಗಿ ನಾಟುವುದಿಲ್ಲ.

ಅದಕ್ಕೇ ನಾನು ಸೌಂಡ್‌ಚೆಕ್ ಶುರು ಮಾಡುವುದು ಮಿಕ್ಸರ್ ಹಿಂದೆ ನಿಂತಲ್ಲ, ಕೌಂಟರ್ ಹತ್ತಿರ ನಿಂತು. ಡ್ರಮ್ಮರ್ ಒಬ್ಬರನ್ನೇ, ಮೈಕ್ ಇಲ್ಲದೆ, ಹಾಡಿನಲ್ಲಿ ಹೊಡೆಯುವಷ್ಟೇ ಜೋರಾಗಿ ನುಡಿಸಲು ಹೇಳುತ್ತೇನೆ. ಆ ರಾತ್ರಿಯ ಸದ್ದಿನ ತಳಮಟ್ಟ ಅದೇ. ಚುರುಕು ಸದ್ದಿನ ಸ್ನೇರ್ ಡ್ರಮ್ ಮೈಕೇ ಇಲ್ಲದೆ ಕಿವಿಗೆ ರಾಚುತ್ತಿದ್ದರೆ ಮಿಕ್ಸರ್‌ನಲ್ಲಿ ಸದ್ದು ಏರಿಳಿಸುವ ಯಾವ ಫೇಡರ್ ಇಳಿಸಿಯೂ ಪ್ರಯೋಜನವಿಲ್ಲ, ಉಳಿದವರೆಲ್ಲ ಅದರ ಮೇಲೇ ಏರಬೇಕು. ಹಾಗಾಗಿ ಮಾತುಕತೆ ಮೊದಲು ಡ್ರಮ್ಮರ್ ಜೊತೆ: ದಪ್ಪ ಕೋಲಿನ ಬದಲು ಕಡ್ಡಿಗಳ ಕಟ್ಟಿನಂಥ ರಾಡ್ಸ್, ಸ್ನೇರ್ ಮೇಲೆ ಸದ್ದು ತಗ್ಗಿಸುವ ಜೆಲ್ ತುಂಡು, ಹಿಂದಿನ ಗಾಜಿಗೆ ದಪ್ಪ ಪರದೆ. ಕೆಲವರು ಮುಖ ಸಿಂಡರಿಸುತ್ತಾರೆ. ‘ಹಾಡುವವರ ಮಾತು ಕೇಳಿಸಲಿ ಬಿಡಿ’ ಅಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಆಮೇಲೆ ಗಿಟಾರ್. ಆಂಪ್ (ಗಿಟಾರ್‌ನ ಸ್ಪೀಕರ್ ಪೆಟ್ಟಿಗೆ) ನೆಲದ ಮೇಲಿದ್ದರೆ ಅದರ ಮೊನಚು ನುಡಿಸುವವರ ಮೊಣಕಾಲಿಗೆ ಬಡಿದು ಮುಂದಿನ ಟೇಬಲ್‌ನವರ ಮುಖಕ್ಕೆ ಹೋಗುತ್ತದೆ. ನುಡಿಸುವವರು ತಮಗೇ ಕೇಳಿಸದೆ ವಾಲ್ಯೂಮ್ ಏರಿಸುತ್ತಾರೆ. ಬಿಯರ್ ಕ್ರೇಟ್ ಮೇಲಿಟ್ಟು ಕಿವಿಯ ಕಡೆಗೆ ವಾಲಿಸಿದರೆ ತಾವಾಗಿಯೇ ಇಳಿಸುತ್ತಾರೆ. ಬಾಯಿಬಿಟ್ಟು ಕೇಳಬೇಕಾಗಿಯೂ ಇಲ್ಲ!

ಸ್ಪೀಕರ್ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ಸ್ಟೇಜ್‌ನಿಂದ ಹಿಂದಿನ ಗೋಡೆ ಮುಟ್ಟಿಸಲು ಎರಡು ದೊಡ್ಡ ಸ್ಪೀಕರ್ ಕಿರುಚಿಸುವುದಕ್ಕಿಂತ, ಹಿಂದಿನ ಟೇಬಲ್‌ಗಳಿಗೆ ಸಣ್ಣವೆರಡನ್ನು ಮೆಲ್ಲಗೆ, ಸ್ಟೇಜ್‌ನ ಸದ್ದಿಗೆ ಹೊಂದುವಂತೆ ಕೆಲವೇ ಮಿಲಿಸೆಕೆಂಡ್ ಡಿಲೇ (ತಡ) ಕೊಟ್ಟು ಇಡುವುದು ಮೇಲು. ಕೌಂಟರ್ ಕಡೆ ಯಾವುದೂ ಮುಖ ಮಾಡಬಾರದು. ಅಲ್ಲಿ 90 ಡೆಸಿಬಲ್ ದಾಟದಂತೆ, ಸ್ಟೇಜ್ ಮುಂದೆ 98ರ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ ಹೇಳಿದ ಗರಿಷ್ಠ ಮಿತಿ 15 ನಿಮಿಷದ ಸರಾಸರಿಯಲ್ಲಿ 100.

ಈ ಲೆಕ್ಕಕ್ಕೆ ಸಿಗದೆ ತಪ್ಪಿಸಿಕೊಳ್ಳುವುದು ಬೇಸ್, ಅಂದರೆ ತಗ್ಗು ಸ್ವರದ ಸದ್ದು. ಸಾಮಾನ್ಯ ಮೀಟರ್ ಎ-ವೇಟಿಂಗ್‌ನಲ್ಲಿ, ಅಂದರೆ ನಮ್ಮ ಕಿವಿಗೆ ಕೇಳುವ ರೀತಿಗೆ ಹೊಂದಿಸಿ, ಅಳೆಯುತ್ತದೆ. 63 ಹರ್ಟ್ಸ್ ಹತ್ತಿರ ಅದು ಸುಮಾರು 26 ಡೆಸಿಬಲ್ ಕಡಿಮೆ ತೋರಿಸುತ್ತದೆ. ಒಳಗೆ ಎಲ್ಲ ಸರಿ, ಪಕ್ಕದ ಮನೆಯ ಮಂಚ ಅದುರುತ್ತಿದೆ. ಕಟ್ಟಡದ ಗೋಡೆ ಸಿಳ್ಳೆಯನ್ನು ತಡೆಯುತ್ತದೆ, ಗುಂ ಎನ್ನುವ ಸದ್ದನ್ನಲ್ಲ. ಹಾಗಾಗಿ ಬೇಸ್ ಹೊರಡಿಸುವ ಸ್ಪೀಕರ್ ಆದ ಸಬ್ ಅನ್ನು ಮೂಲೆಯಿಂದ ಈಚೆಗೆ ಎಳೆದು, ಕೆಳಗೆ ದಪ್ಪ ಫೋಮ್ ಹಾಕಿ, ಕಾಲಿನಿಂದ ನುಡಿಸುವ ಕಿಕ್ ಡ್ರಮ್ ಮತ್ತು ಬೇಸ್ ಗಿಟಾರ್ ಬಿಟ್ಟು ಉಳಿದೆಲ್ಲ ಚಾನೆಲ್‌ಗಳಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುತ್ತೇನೆ. ಬ್ಯಾಂಡ್ ನುಡಿಸುತ್ತಿರುವಾಗ ಒಮ್ಮೆ ರಸ್ತೆಗೆ ಹೋಗಿ ಎದುರು ಮನೆ ಗೇಟಿನ ಬಳಿ ನಿಂತು ಕೇಳಿ ಬರುತ್ತೇನೆ. ವಾಣಿಜ್ಯ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ಮಟ್ಟ ಹಗಲು 65, ರಾತ್ರಿ 10ರ ನಂತರ 55. ವಸತಿ ಪ್ರದೇಶಕ್ಕೆ ಇನ್ನೂ ಕಡಿಮೆ: 55, 45. ನಮ್ಮ ಎಷ್ಟೋ ಬಾರ್‌ಗಳ ಬೆನ್ನಿಗೇ ಮನೆಗಳಿವೆ.

ಟೆರೇಸ್ ಬಾರ್‌ನಲ್ಲಿ ಶೀಟ್ ಮೇಲೆ ಮಳೆ ಶುರುವಾದರೆ ಕಥೆ ಬೇರೆ. ಜನ ಮಳೆಯ ಮೇಲೆ ಕೂಗುತ್ತಾರೆ, ಬ್ಯಾಂಡ್ ಜನರ ಮೇಲೆ. ಆಗ ನಾನು ಏರಿಸುವುದು ಗಾಯನವನ್ನು ಮಾತ್ರ, ಸ್ವಲ್ಪ. ಉಳಿದದ್ದು ಮಳೆಯೊಂದಿಗೆ ಹೋಗಲಿ.

ಒಂಬತ್ತೂವರೆಗೆ ಸಬ್ ಬಂದ್. ಕೊನೆಯ ಹಾಡುಗಳು ಅಕೌಸ್ಟಿಕ್ ಗಿಟಾರ್ ಮತ್ತು ಕಹೋನ್ ಎಂಬ ಮರದ ಪೆಟ್ಟಿಗೆಯಂಥ ತಾಳವಾದ್ಯದಲ್ಲಿ, ಇದನ್ನು ಬ್ಯಾಂಡ್‌ಗೆ ಮೊದಲೇ ಹೇಳಿರುತ್ತೇನೆ. ಹತ್ತಕ್ಕೆ ಸರಿಯಾಗಿ ಏಕಾಏಕಿ ನಿಲ್ಲಿಸಿದರೆ ಗಿರಾಕಿಗಳು ಗಲಾಟೆ ಮಾಡುತ್ತಾರೆ, ಹೀಗೆ ಇಳಿಸುತ್ತ ಬಂದರೆ ಬಿಲ್ ಕೇಳುತ್ತಾರೆ.

ಕೌಂಟರ್ ಹುಡುಗರಿಗೆ ಒಂದು ಡಬ್ಬಿ ಫೋಮ್ ಇಯರ್‌ಪ್ಲಗ್ ಕೊಡುತ್ತೇನೆ. ಬ್ಯಾಂಡ್ ಬಂದು ಹೋಗುತ್ತದೆ, ಅವರು ಇಡೀ ಪಾಳಿ ಅಲ್ಲೇ ನಿಲ್ಲುವವರು. ಅಮೆರಿಕದ ಉದ್ಯೋಗ ಸುರಕ್ಷತಾ ಸಂಶೋಧನಾ ಸಂಸ್ಥೆ ನಯೋಶ್ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಇರಬಹುದಾದದ್ದು 8 ಗಂಟೆ, ಏರಿದ ಪ್ರತಿ 3 ಡೆಸಿಬಲ್‌ಗೆ ಆ ಅವಧಿ ಅರ್ಧ. 94ಕ್ಕೆ ಒಂದೇ ಗಂಟೆ. ಆದರೂ ಹುಡುಗರು ಪ್ಲಗ್ ಹಾಕಿಕೊಳ್ಳುವುದು ಸ್ಟೇಜ್ ಕಡೆಯ ಕಿವಿಗೆ ಮಾತ್ರ. ಇನ್ನೊಂದು ಕಿವಿ ಗಿರಾಕಿಗೆ ಬೇಕಂತೆ.