ಆರು ವೋಲ್ಟಿನ ಗಾಡಿಗೆ ಇಂಡಿಕೇಟರ್ ಹಾಕಿದ್ದು

ಜುಲೈ ತಿಂಗಳ ಒಂದು ಸಂಜೆ. ಬೆಳಗಾವಿ ಮಳೆ ಗೊತ್ತಲ್ವಾ, ಹಿಡಿದರೆ ಬಿಡುವುದಿಲ್ಲ. ಉದ್ಯಮಬಾಗದಿಂದ ಖಾನಾಪುರ ರಸ್ತೆ ಹಿಡಿದು ಮನೆಗೆ ಬರುತ್ತಿದ್ದೆ. ನನ್ನದು 1930ರ ಫೋರ್ಡ್ ಮಾಡೆಲ್ ಎ, ಬಟ್ಟೆ ಟಾಪಿನ ಫೇಟನ್. ಮಳೆಗೆ ಎರಡೂ ಪಕ್ಕ ಪರದೆ ಕಟ್ಟಿದ್ದೆ. ಬಲಕ್ಕೆ ತಿರುಗಬೇಕಿತ್ತು, ಆದರೆ ಪರದೆಯಿಂದ ಕೈ ಹೊರಗೆ ಹಾಕಲು ಆಗಲಿಲ್ಲ. ಬ್ರೇಕ್ ತುಳಿದೆ. ಹಿಂದೆ ಬರುತ್ತಿದ್ದ ಟೆಂಪೋ ಜಾರಿಕೊಂಡು ಬಂದು ನಮ್ಮ ಸ್ಟೆಪ್ನಿಗೆ ಗೇಣು ದೂರದಲ್ಲಿ ನಿಂತಿತು. ಡ್ರೈವರ್ ಇಳಿದು ಬಂದು, "ಲೈಟರೆ ಹಾಕಸ್ರೀ ಸಾಹೇಬ್ರ, ನಮಗ ಹೆಂಗ ಗೊತ್ತಾಗಬೇಕು?" ಅಂದ. ಅವನು ಕೇಳಿದ್ದು ಸರಿಯಾಗಿಯೇ ಇತ್ತು.

ಈ ಗಾಡಿಗೆ ಹಿಂದೆ ಇದ್ದದ್ದು ಒಂದೇ ದೀಪ. ಅದರ ಬ್ರೇಕ್ ಸ್ವಿಚ್ ಯಾವ ಕಾಲದಲ್ಲೋ ಕಳೆದುಹೋಗಿತ್ತು. ಇಂಡಿಕೇಟರ್ ಅಂತೂ ಫ್ಯಾಕ್ಟರಿಯಿಂದಲೇ ಇಲ್ಲ.

ಮೊದಲೇ ಒಂದು ಮಾತು ಗಟ್ಟಿ ಮಾಡಿಕೊಂಡೆ: ಬಾಡಿಗೆ ಒಂದೂ ಹೊಸ ತೂತು ಕೊರೆಯಬಾರದು. ಮುಂದೆ ಹೆಡ್‌ಲೈಟುಗಳನ್ನು ಕೂಡಿಸುವ ಅಡ್ಡ ಕಂಬಿ ಇದೆ. ಹಿಂದೆ ಬಂಪರ್ ಪಟ್ಟಿಗಳಿವೆ. ಹೊಸ ದೀಪಗಳನ್ನು ಅವಕ್ಕೆ ಹಿಡಿಸುವ ಕ್ಲಾಂಪುಗಳನ್ನು ಉದ್ಯಮಬಾಗದ ಒಂದು ಲೇತ್‌ನಲ್ಲಿ ಮಾಡಿಸಿದೆ. ಒಳಗೆ ರಬ್ಬರ್ ಪಟ್ಟಿ ಇಟ್ಟಿದ್ದೇನೆ. ಬೇಡ ಅಂದಾಗ ಬಿಚ್ಚಿದರೆ ಒಂದು ಗೀರೂ ಉಳಿಯುವುದಿಲ್ಲ.

ತಲೆನೋವು ಶುರುವಾಗಿದ್ದು ಕರೆಂಟಿನಲ್ಲಿ. ಮಾಡೆಲ್ ಎ 6 ವೋಲ್ಟಿನ ಗಾಡಿ, ಅದೂ ಪಾಸಿಟಿವ್ ಅರ್ಥ್. ಅಂದರೆ ಬ್ಯಾಟರಿಯ ಪ್ಲಸ್ ಚಾಸಿಗೆ ಹೋಗುತ್ತದೆ. ಈಗಿನ ಗಾಡಿಗಳಿಗೆ ಪೂರಾ ಉಲ್ಟಾ. ಅಂಗಡಿಯಲ್ಲಿ ಬಲ್ಬ್ ಕೇಳಿದರೆ ಸುಮ್ನೆ 12 ವೋಲ್ಟಿನದು ಕೊಡುತ್ತಾರೆ. ಹೋಲ್ಡರಿನಲ್ಲಿ ಸರಿಯಾಗಿ ಕೂರುತ್ತದೆ, ಆದರೆ ಬೀಡಿ ತುದಿಯಷ್ಟೇ ಬೆಳಕು. 6 ವೋಲ್ಟ್ 21 ವ್ಯಾಟಿನ ಬಲ್ಬ್ ಹುಡುಕಿ ತರಿಸಿದೆ. ಇಂಡಿಕೇಟರನ್ನು ಮಿಣುಕಿಸುವ ಫ್ಲಾಷರಿನಲ್ಲೂ ಎಡವಿದೆ. ಮೊದಲು ಹಾಕಿದ ಎಲೆಕ್ಟ್ರಾನಿಕ್ ಫ್ಲಾಷರನ್ನು ಈಗಿನ ಗಾಡಿಗೆ ಹಾಕುವಂತೆಯೇ ಕೂಡಿಸಿದೆ, ಪ್ಲಸ್ ಮೈನಸ್ ಉಲ್ಟಾ ಆಗಿ ಒಂದು ಸಲವೂ ಮಿಣುಕಲಿಲ್ಲ. ಹಳೇ ಬೈಕಿನ 6 ವೋಲ್ಟ್ ಫ್ಲಾಷರ್ 10 ವ್ಯಾಟಿನ ಬಲ್ಬುಗಳಿಗೆ ಮಾಡಿದ್ದು, ಹುಚ್ಚು ಹಿಡಿದಂತೆ ಪಟಪಟ ಹೊಡೆಯಿತು. ಕೊನೆಗೆ ಎರಡು 21 ವ್ಯಾಟ್ ಬಲ್ಬಿಗೆ ಹೊಂದುವ, ಬಿಸಿಯಾದರೆ ಬಾಗುವ ಲೋಹದ ಪಟ್ಟಿ ಇರುವ ಹಳೇ ನಮೂನೆ ಫ್ಲಾಷರ್ ಸಿಕ್ಕಿತು. ಅದಕ್ಕೆ ಪ್ಲಸ್ ಮೈನಸ್ ಭೇದವಿಲ್ಲ. ವಾಚ್ ಹಿಡಿದು ಎಣಿಸಿದೆ, ನಿಮಿಷಕ್ಕೆ 80ರ ಆಸುಪಾಸು. 60ರಿಂದ 120ರ ಒಳಗಿರಬೇಕು, ಸರಿಯಾಯಿತು.

ಮಾಡೆಲ್ ಎ ಬ್ರೇಕ್ ಆಯಿಲ್ ಬ್ರೇಕ್ ಅಲ್ಲ, ಕಂಬಿ ಮೇಲೆ ನಡೆಯುವುದು. ಹಾಗಾಗಿ ಆಯಿಲ್ ಒತ್ತಡಕ್ಕೆ ಆನ್ ಆಗುವ ಸ್ವಿಚ್ ಇಲ್ಲಿ ನಡೆಯುವುದಿಲ್ಲ. ಬುಲೆಟ್ ಬೈಕಿನ ಹಿಂದಿನ ಬ್ರೇಕಿಗೆ ಸ್ಪ್ರಿಂಗ್ ಎಳೆದರೆ ಆನ್ ಆಗುವ ಒಂದು ಸಣ್ಣ ಸ್ವಿಚ್ ಬರುತ್ತದಲ್ಲ, ಅದನ್ನೇ ಪೆಡಲ್ ತೋಳಿಗೆ ಕಟ್ಟಿದೆ. ಅದರ ನಟ್ ತಿರುಗಿಸಿ ತಿರುಗಿಸಿ, ಪೆಡಲ್ ಒಂದೂವರೆ ಸೆಂಟಿಮೀಟರ್ ಇಳಿಯುತ್ತಿದ್ದಂತೆ ದೀಪ ಹತ್ತುವಂತೆ ಮಾಡಿದೆ. ಬ್ರೇಕ್ ಶೂ ಚಕ್ರದ ಡ್ರಮ್ಮಿಗೆ ತಾಗುವ ಮೊದಲೇ ಹಿಂದಿನವನಿಗೆ ಸುದ್ದಿ ಮುಟ್ಟಬೇಕು. ತಿಂಗಳೊಳಗೆ ಸ್ವಿಚ್ಚಿನ ಪಾಯಿಂಟ್ ಸುಟ್ಟು ಕರ್ರಗಾಯಿತು. ಲೆಕ್ಕ ಹಾಕಿದರೆ ಸರಿಯೇ. 6 ವೋಲ್ಟಿನಲ್ಲಿ 21 ವ್ಯಾಟಿನ ಒಂದು ಬಲ್ಬ್ ಮೂರೂವರೆ ಆಂಪ್ ಎಳೆಯುತ್ತದೆ, ಎರಡು ಬ್ರೇಕ್ ಲೈಟಿಗೆ 7 ಆಂಪ್. ಬೈಕಿನ ಸ್ವಿಚ್ಚಿಗೆ ಅಷ್ಟು ತಾಕತ್ತಿಲ್ಲ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ 6 ವೋಲ್ಟ್ ರಿಲೇ, ಅದೂ ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇಲ್ಲದ್ದು, ಹಾಕಿದ ಮೇಲೆ ಇವತ್ತಿನವರೆಗೂ ಅದೇ ಸ್ವಿಚ್ ನಡೆದಿದೆ.

ಇಷ್ಟಾದರೂ ಬ್ರೇಕ್ ಲೈಟ್ ಮಂಕು. ಮೀಟರ್ ಹಿಡಿದೆ. ದೀಪ ಹತ್ತಿದಾಗ ಬ್ಯಾಟರಿಯಲ್ಲಿ 6.2 ವೋಲ್ಟ್, ಬಲ್ಬಿನಲ್ಲಿ 4.7. ಇಷ್ಟು ಇಳಿದರೆ ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ದೀಪದ ಬಟ್ಟಲಿಗೆ ಇಟ್ಟೆ. 1.1 ವೋಲ್ಟ್ ತೋರಿಸಿತು! ವೋಲ್ಟ್ ಹೆಚ್ಚಾಗಿ ಕಳೆದುಹೋಗುತ್ತಿದ್ದದ್ದು ಅರ್ಥಿನಲ್ಲಿ, ತುಕ್ಕು ಹಿಡಿದ ಬಂಪರ್ ಬೋಲ್ಟುಗಳಲ್ಲಿ. ಪ್ರತಿ ದೀಪದಿಂದಲೂ ಬೇರೆ ಅರ್ಥ್ ವೈರ್ ಎಳೆದೆ. ಚಾಸಿಯಲ್ಲಿ ಒಂದು ಬೋಲ್ಟಿನ ಜಾಗವನ್ನು ಬಿಳಿ ಲೋಹ ಕಾಣುವ ತನಕ ಉಜ್ಜಿ, ಎಲ್ಲವನ್ನೂ ಅಲ್ಲಿಗೆ ಬಿಗಿದು ಮೇಲೆ ಗ್ರೀಸ್ ಹಚ್ಚಿದೆ. 1 ಚದರ ಮಿಲಿಮೀಟರಿನ ವೈರ್ ತೆಗೆದು 2.5ರದು ಹಾಕಿದೆ. ಈಗ ಬಲ್ಬಿಗೆ 5.8 ವೋಲ್ಟ್ ಸಿಗುತ್ತಿದೆ. 6 ವೋಲ್ಟಿನ ಗಾಡಿ ಇಟ್ಟವರು ಬಲ್ಬ್ ಬದಲಿಸುವ ಮೊದಲು ಈ ಅರ್ಥನ್ನೊಮ್ಮೆ ನೋಡಿ, ದಯವಿಟ್ಟು.

ಫ್ಯೂಸಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಈ ಗಾಡಿಗೆ ಕಂಪನಿಯಿಂದ ಒಂದೂ ಫ್ಯೂಸ್ ಬರಲಿಲ್ಲ. ಪೆಟ್ರೋಲ್ ಟ್ಯಾಂಕ್ ಇರುವುದು ಡ್ಯಾಶ್‌ಬೋರ್ಡಿನ ಹಿಂದೆಯೇ, ನಮ್ಮ ಮೊಣಕಾಲ ಮುಂದೆ. ಕರೆಂಟ್ ಅಳೆಯುವ ಆಮೀಟರಿನ ವೈರುಗಳು ಅದರ ಪಕ್ಕದಲ್ಲೇ ಓಡುತ್ತವೆ. ಅಲ್ಲಿ ಒಂದು ವೈರ್ ಉಜ್ಜಿ ಶಾರ್ಟ್ ಆದರೆ ಏನಾಗಬಹುದು, ಯೋಚಿಸಿ. ಸ್ಟಾರ್ಟರ್ ಹತ್ತಿರ 30 ಆಂಪಿನ ದೊಡ್ಡ ಫ್ಯೂಸ್ ಹಾಕಿದೆ. ಬ್ರೇಕ್ ಲೈಟಿಗೊಂದು, ಇಂಡಿಕೇಟರಿಗೊಂದು, 10 ಆಂಪಿನ ಬೇರೆ ಬೇರೆ ಫ್ಯೂಸ್.

ಇಂಡಿಕೇಟರ್ ಸ್ವಿಚ್ ಹಳೇ ಜೀಪಿನದು, ಸ್ಟೇರಿಂಗ್ ಕಂಬಕ್ಕೆ ಕ್ಲಾಂಪ್ ಆಗುವಂಥದ್ದು. ಸ್ಪಾರ್ಕಿನ ಸಮಯ ಹೊಂದಿಸುವ ಸ್ಪಾರ್ಕ್ ಲಿವರು, ಆಕ್ಸಿಲರೇಟರಿನಂಥ ಗ್ಯಾಸ್ ಲಿವರುಗಳಿಗೆ ಅಡ್ಡ ಬಾರದಂತೆ ಸ್ವಲ್ಪ ಕೆಳಗೆ ಕೂರಿಸಿದ್ದೇನೆ. ತಿರುವು ಮುಗಿದ ಮೇಲೆ ತಾನೇ ಆಫ್ ಆಗುವುದಿಲ್ಲ. ಇಂಜಿನ್ ಸದ್ದಿನಲ್ಲಿ ಫ್ಲಾಷರಿನ ಟಿಕ್ ಟಿಕ್ ಕೂಡ ಕೇಳಿಸದು. ಅದಕ್ಕೇ ಸ್ವಿಚ್ಚಿನ ಮೇಲೆಯೇ ಒಂದು ಪುಟ್ಟ ಹಸಿರು ದೀಪ ಇಟ್ಟೆ.

ಪರೀಕ್ಷೆಗೆ ಮಗಳು ಸ್ಕೂಟರಿನಲ್ಲಿ ಹಿಂದೆ ಬಂದಳು, ಆರ್‌ಪಿಡಿ ವೃತ್ತದಿಂದ ಪೀರನವಾಡಿವರೆಗೆ. ಸಂಜೆ ಎಲ್ಲವೂ ಚೆನ್ನಾಗಿ ಕಂಡವು. ಮರುದಿನ ಮಧ್ಯಾಹ್ನ ಮತ್ತೆ ಹೋದಾಗ, "ಅಪ್ಪಾ, ಬಿಸಿಲಿಗೆ ಬಲಗಡೆ ಇಂಡಿಕೇಟರ್ ಹತ್ತಿದ್ದೇ ಕಾಣಲಿಲ್ಲ" ಅಂದಳು. ಅದೇ ಲೇತ್‌ಗೆ ಹೋಗಿ ನಾಲ್ಕೂ ದೀಪಕ್ಕೆ ಎರಡು ಬೆರಳಗಲದ ತಗಡಿನ ಟೋಪಿ ಮಾಡಿಸಿ, ಒಳಗೆ ಕಪ್ಪು ಬಣ್ಣ ಹೊಡೆದೆ. ಈಗ ಬಿಸಿಲಿನಲ್ಲೂ ಕಾಣುತ್ತದೆ. ಆದರೂ ಪರದೆ ಕಟ್ಟದ ದಿನ ಇಂಡಿಕೇಟರ್ ಹಾಕಿ, ಬಲಗೈಯನ್ನೂ ಹೊರಗೆ ಚಾಚುತ್ತೇನೆ.